ಹಾರೋದು ಆಮೇಲೆ, ಮೊದಲು ನೆಲದ ಮೇಲೆ ಗುದ್ದದೆ ಹೋಗುವುದು ಹೇಗೆ?

ವಿಮಾನ ಕಲಿಯಲು ಹೋದವರ ತಲೆಯಲ್ಲಿ ಟೇಕಾಫ್ ಮತ್ತು ಲ್ಯಾಂಡಿಂಗ್ ಬಿಟ್ಟರೆ ಬೇರೇನೂ ಇರುವುದಿಲ್ಲ. ವಿಮಾನ ನಿಲ್ಲಿಸುವ ಶೆಡ್ಡಿನಿಂದ, ಅಂದರೆ ಹ್ಯಾಂಗರ್‌ನಿಂದ, ರನ್‌ವೇವರೆಗೆ ವಿಮಾನವನ್ನು ಚಕ್ರದ ಮೇಲೆ ಓಡಿಸಿಕೊಂಡು ಹೋಗುವುದು, ಅಂದರೆ ಟ್ಯಾಕ್ಸಿ ಮಾಡುವುದು, ಲೆಕ್ಕಕ್ಕೇ ಬರುವುದಿಲ್ಲ. ರೆಕ್ಕೆ ಕಂಬಕ್ಕೆ ತಗಲುವುದು, ನಿಂತಿದ್ದ ಇನ್ನೊಂದು ವಿಮಾನದ ಬಾಲ ಮುರಿಯುವುದು, ಪ್ರೊಪೆಲ್ಲರ್ ನೆಲಕ್ಕೆ ಬಡಿಯುವುದು ಎಲ್ಲ ಅಲ್ಲೂ ಆಗುತ್ತದೆ.

ಬೆಂಗಳೂರಿನ ಜಕ್ಕೂರಿನಂಥ ಕಡೆ ಕಲಿಯುವವರಿಗೆ ಪರಿಚಯವಿರುವ ಸೆಸ್ನಾ 172 ಎಂಬ ಪುಟ್ಟ ವಿಮಾನವನ್ನೇ ತಗೊಳ್ಳಿ. ಈ ತುದಿಯಿಂದ ಆ ತುದಿಗೆ ರೆಕ್ಕೆ ಸುಮಾರು 11 ಮೀಟರ್. ಪ್ರೊಪೆಲ್ಲರ್ ತುದಿಗೂ ನೆಲಕ್ಕೂ ಇರುವ ಜಾಗ ಒಂದು ಅಡಿಯೂ ಇಲ್ಲ. ಈ ಎರಡು ಅಳತೆ ತಲೆಯಲ್ಲಿರಲಿ.

ಎಂಜಿನ್ ಶುರು ಮಾಡುವ ಮೊದಲು ಒಂದು ಸುತ್ತು ಹಾಕಿ. ಕಟ್ಟಿದ ಹಗ್ಗ, ಚಕ್ರಕ್ಕೆ ಕೊಟ್ಟ ಅಡ್ಡಕಟ್ಟೆ, ಎಳೆಯಲು ಹಾಕಿದ ಟೋಬಾರ್ ಎಲ್ಲ ತೆಗೆದಿದೆಯಾ ನೋಡಿ. ಮೂಗಿನ ಚಕ್ರದಲ್ಲೇ ಟೋಬಾರ್ ಬಿಟ್ಟು ಎಂಜಿನ್ ಶುರು ಮಾಡಿ ಪ್ರೊಪೆಲ್ಲರ್ ಹಾಳು ಮಾಡಿಕೊಂಡವರು ಪ್ರಪಂಚದ ಎಲ್ಲ ಕಡೆ ಇದ್ದಾರೆ. ಹಿಂದೆ ಏನಿದೆ ಅಂತಲೂ ನೋಡಬೇಕು, ನಿಮ್ಮ ಪ್ರೊಪೆಲ್ಲರ್ ಗಾಳಿಗೆ ಎದ್ದ ಜಲ್ಲಿಕಲ್ಲು ಯಾರ ಮುಖಕ್ಕೋ ಹೊಡೆಯಬಹುದು.

ವಿಮಾನ ಒಂದೆರಡು ಅಡಿ ಉರುಳಿದ ತಕ್ಷಣ ಬ್ರೇಕ್ ಒತ್ತಿ ನೋಡಿ. ಹಿಡಿಯಲಿಲ್ಲವಾ? ಎಂಜಿನ್ ಶಕ್ತಿ ಏರಿಸಿ ಇಳಿಸುವ ಥ್ರಾಟಲ್ ಪೂರ್ತಿ ಹಿಂದಕ್ಕೆ, ಇಂಧನದ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಹಿಡಿ ಎಳೆದು ಎಂಜಿನ್ ಬಂದ್ ಮಾಡಿ. ಇದನ್ನು ಗೋಡೆ ಹತ್ತಿರ ಬಂದಾಗ ಯೋಚಿಸಿ ಪ್ರಯೋಜನವಿಲ್ಲ.

ಈಗ ತಿರುಗಿಸುವ ವಿಷಯ. ಕಾರು ಓಡಿಸಿ ಅಭ್ಯಾಸವಾದವರು ಕೈಯಲ್ಲಿರುವ ಯೋಕನ್ನು ಸ್ಟೀರಿಂಗ್ ಥರ ತಿರುಗಿಸುತ್ತಾರೆ, ವಿಮಾನ ಮಾತ್ರ ತನ್ನ ಪಾಡಿಗೆ ನೇರ ಹೋಗುತ್ತಿರುತ್ತದೆ! ನೆಲದ ಮೇಲೆ ತಿರುಗುವುದು ಕಾಲಿನ ಪೆಡಲ್‌ನಿಂದ. ಸಿರಸ್ ಎಸ್‌ಆರ್22, ಡೈಮಂಡ್ ಡಿಎ40 ವಿಮಾನಗಳಲ್ಲಿ ಮೂಗಿನ ಚಕ್ರ ಪೆಡಲ್‌ಗೆ ಸೇರಿಕೊಂಡೇ ಇಲ್ಲ, ನಿಧಾನವಾಗಿ ಹೋಗುವಾಗ ಒಂದು ಕಡೆಯ ಬ್ರೇಕ್ ಒತ್ತಿಯೇ ತಿರುಗಿಸಬೇಕು. ಅದಕ್ಕೆಂದು ಇಡೀ ದಾರಿ ಥ್ರಾಟಲ್ ಜಾಸ್ತಿ ಕೊಟ್ಟು ಬ್ರೇಕ್ ಹಿಡಿದೇ ಹೋದರೆ ಬ್ರೇಕ್ ಕಾದು ಬೆಂಕಿಯೂ ಹತ್ತಬಹುದು. ಮೊದಲು ಥ್ರಾಟಲ್ ಇಳಿಸಿ, ಆಮೇಲೆ ಬ್ರೇಕ್. ವೇಗ ಎಷ್ಟಿರಬೇಕು ಅಂದರೆ, ಪಕ್ಕದಲ್ಲಿ ಒಬ್ಬರು ಬಿರಬಿರನೆ ನಡೆದು ಬಂದರೆ ಜೊತೆಗಿರುವಷ್ಟು.

ಗಾಳಿ ಜೋರಿದ್ದರೆ ಯೋಕ್‌ಗೂ ಕೆಲಸವಿದೆ. ಸೆಸ್ನಾದಲ್ಲಿ ಗಾಳಿ ಮುಂದಿನ ಎಡಗಡೆಯಿಂದ ಬಂದರೆ ಯೋಕನ್ನು ಎಡಕ್ಕೆ ತಿರುಗಿಸಿ. ಹಿಂದಿನ ಎಡಗಡೆಯಿಂದ ಬಂದರೆ ಬಲಕ್ಕೆ ತಿರುಗಿಸಿ ಮುಂದಕ್ಕೆ ಒತ್ತಿ ಹಿಡಿಯಿರಿ. ಹಿಂದಿನಿಂದ ಓರೆಯಾಗಿ ಬರುವ ಗಾಳಿಯೇ ಕಳ್ಳ, ರೆಕ್ಕೆಯ ಕೆಳಗೆ ನುಗ್ಗಿ ವಿಮಾನವನ್ನೇ ಮಗುಚಿಬಿಡಬಹುದು. ದೊಡ್ಡ ವಿಮಾನದ ಹಿಂದೆ ಹೋಗಬೇಕಾದರೂ ಅದರ ಎಂಜಿನ್ ಗಾಳಿಯಿಂದ ಇದೇ ಭಯ, ದೂರ ನಿಂತುಕೊಳ್ಳಿ.

ಇನ್ನು ಕಣ್ಣು. ರೇಡಿಯೊ ತಿರುಗಿಸುವುದು, ಟ್ಯಾಬ್ಲೆಟ್‌ನಲ್ಲಿ ನಕ್ಷೆ ನೋಡುವುದು, ಚೆಕ್‌ಲಿಸ್ಟ್ ಓದುವುದು ಏನೇ ಇರಲಿ, ವಿಮಾನ ನಿಲ್ಲಿಸಿ ಮಾಡಿ. ನನ್ನ ಪ್ರಕಾರ ಈ ಒಂದು ಅಭ್ಯಾಸ ಬಂದರೆ ಅರ್ಧ ತೊಂದರೆ ಕಡಿಮೆ. ಟ್ಯಾಕ್ಸಿ ದಾರಿಯ ನಡುವಿನ ಹಳದಿ ಗೆರೆಯ ಮೇಲೆ ಇದ್ದೇನೆ, ರೆಕ್ಕೆಗೆ ಏನೂ ತಗಲಲ್ಲ ಅಂತ ನಂಬಬೇಡಿ, ಯಾರೋ ತಮ್ಮ ವಿಮಾನವನ್ನು ಸ್ವಲ್ಪ ಮುಂದೆ ನಿಲ್ಲಿಸಿರಬಹುದು. ಕೈ ತೋರಿಸಿ ಕರೆಯುವವರು ಇದ್ದರೂ ಅಷ್ಟೇ, ಗುದ್ದಿದರೆ ಹೊಣೆ ಪೈಲಟ್‌ದು. ಅನುಮಾನ ಬಂತಾ, ಎಂಜಿನ್ ಬಂದ್ ಮಾಡಿ ಇಳಿದು ಕೈಯಿಂದ ತಳ್ಳಿ. ಅದರಲ್ಲಿ ನಾಚಿಕೆ ಏನಿದೆ? ಬಾಲದಲ್ಲಿ ಚಕ್ರವಿರುವ ವಿಮಾನದಲ್ಲಂತೂ ಮೂಗು ಅಡ್ಡ ಬಂದು ಮುಂದೆ ಕಾಣುವುದೇ ಇಲ್ಲ, ಅದಕ್ಕೇ ಹಾವಿನ ಹಾಗೆ ಅತ್ತಿತ್ತ ತಿರುಗುತ್ತಾ ಹೋಗುತ್ತಾರೆ.

ರನ್‌ವೇ ಹತ್ತಿರ ನೆಲದ ಮೇಲೆ ನಾಲ್ಕು ಹಳದಿ ಗೆರೆ ಸಿಗುತ್ತವೆ, ಎರಡು ಪೂರ್ತಿ, ಎರಡು ತುಂಡು ತುಂಡು. ಪೂರ್ತಿ ಗೆರೆ ನಿಮ್ಮ ಕಡೆ ಇದ್ದರೆ ವಿಮಾನಗಳ ಓಡಾಟ ನಿಯಂತ್ರಿಸುವ ಟವರ್‌ನ ಅನುಮತಿ ಇಲ್ಲದೆ ದಾಟುವ ಹಾಗಿಲ್ಲ. ಟವರ್‌ನವರು ‘ನಿಲ್ಲಿ’ ಅಂತ ಹೇಳಿದ್ದನ್ನು ರೇಡಿಯೊದಲ್ಲಿ ಪೂರ್ತಿ ತಿರುಗಿ ಹೇಳಿ, ಸುಮ್ನೆ ‘ಸರಿ’ ಅಂದರೆ ಸಾಲದು.

ಇಷ್ಟಾದರೂ ಪ್ರೊಪೆಲ್ಲರ್ ಎಲ್ಲಾದರೂ ತಗಲಿದರೆ ‘ಸ್ವಲ್ಪ ಬಾಗಿದೆ ಅಷ್ಟೇ’ ಅಂತ ಹಾರಿಸಬೇಡಿ. ಆ ಏಟು ಎಂಜಿನ್ ಒಳಗೆ ಪ್ರೊಪೆಲ್ಲರ್ ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟ್‌ವರೆಗೂ ಹೋಗಿರಬಹುದು, ಹೊರಗೆ ಕಾಣುವುದಿಲ್ಲ. ಸಾಮಾನ್ಯವಾಗಿ ಎಂಜಿನ್ ಬಿಚ್ಚಿಯೇ ನೋಡಬೇಕಾಗುತ್ತದೆ, ಖರ್ಚು ಕೇಳಿದರೆ ತಲೆ ತಿರುಗುತ್ತದೆ. ಎಂಜಿನಿಯರ್ ಪರೀಕ್ಷೆ ಮಾಡಿ ಲಾಗ್‌ಬುಕ್‌ನಲ್ಲಿ ಸಹಿ ಹಾಕುವವರೆಗೆ ವಿಮಾನ ಹ್ಯಾಂಗರ್‌ನಲ್ಲೇ ಇರಲಿ.