ಪೊಲೀಸರಿಗೆ ಕೃತಜ್ಞತಾ ಪತ್ರ ಬರೆಯುವುದು ಹೇಗೆ?

ದಾರಿ ತಪ್ಪಿದ ವೃದ್ಧ ತಂದೆಯನ್ನು ಹುಡುಕಿ ಮನೆ ಸೇರಿಸಿದ ಪೇದೆಗೆ ಬಾಗಿಲಲ್ಲೇ ಕೈಮುಗಿದು ‘ದೊಡ್ಡ ಉಪಕಾರವಾಯಿತು’ ಎಂದರೆ ಹೇಳಿದವರಿಗೂ ಕೇಳಿದವರಿಗೂ ಸಮಾಧಾನವಾಗುತ್ತದೆ, ಆದರೆ ಆ ಮಾತು ಹೊಸ್ತಿಲು ದಾಟುವುದಿಲ್ಲ. ಅದನ್ನೇ ಬರಹದಲ್ಲಿ ಅವರ ಮೇಲಧಿಕಾರಿಗೆ ತಲುಪಿಸಿದರೆ ಪತ್ರ ಕಡತಕ್ಕೆ ಸೇರಿ, ಮುಂದೆ ಬಡ್ತಿಯ ಅಥವಾ ಪ್ರಶಂಸೆಯ ಪ್ರಸ್ತಾಪ ಬಂದಾಗ ಆಧಾರವಾಗಿ ಒದಗಬಹುದು.

ಮೊದಲು ವಿವರಗಳನ್ನು ಕಲೆಹಾಕಬೇಕು. ಸಿಬ್ಬಂದಿಯ ಹೆಸರು, ಹುದ್ದೆ, ಸಮವಸ್ತ್ರದ ಮೇಲಿನ ಸಂಖ್ಯೆ, ಘಟನೆ ನಡೆದ ದಿನಾಂಕ, ವೇಳೆ ಮತ್ತು ಸ್ಥಳ, ದೂರು ದಾಖಲಾಗಿದ್ದರೆ ಅದರ ಸಂಖ್ಯೆ ಇವಿಷ್ಟು ಸಾಕು. ಗಾಬರಿಯಲ್ಲಿ ಹೆಸರು ಕೇಳುವುದು ಮರೆತಿದ್ದರೆ ಚಿಂತಿಸಬೇಕಿಲ್ಲ. ಸ್ಥಳ ಮತ್ತು ವೇಳೆ ಸರಿಯಾಗಿದ್ದರೆ ಕರ್ತವ್ಯದ ಹಾಜರಿ ನೋಡಿ ಅಂದು ಯಾರಿದ್ದರೆಂದು ಠಾಣೆಯವರೇ ಗುರುತಿಸಬಲ್ಲರು. ನೆನಪು ಮಾಸುವ ಮೊದಲೇ ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಪತ್ರವನ್ನು ಠಾಣೆಯ ಮುಖ್ಯಾಧಿಕಾರಿಗೆ ಬರೆಯಬೇಕು. ನೆರವಾದವರು ಮುಖ್ಯಾಧಿಕಾರಿಯೇ ಆಗಿದ್ದರೆ, ಅವರ ಮೇಲಿನವರಿಗೆ ಬರೆಯಬೇಕು. ‘ವಿಷಯ’ ಎಂಬಲ್ಲಿಯೇ ಇದು ಮೆಚ್ಚುಗೆಯ ಪತ್ರವೆಂದು ಸ್ಪಷ್ಟವಾಗಿ ನಮೂದಿಸದಿದ್ದರೆ, ದೂರುಗಳ ರಾಶಿಯಲ್ಲಿ ಅದೂ ಒಂದು ದೂರೆಂದು ಬದಿಗೆ ಸರಿಯುವ ಸಂಭವವಿದೆ.

ಒಕ್ಕಣೆಯಲ್ಲಿ ಹೆಚ್ಚಿನವರು ಎಡವುವುದು ವಿಶೇಷಣಗಳಲ್ಲಿ. ‘ದಕ್ಷ, ಪ್ರಾಮಾಣಿಕ, ಜನಸ್ನೇಹಿ ಅಧಿಕಾರಿ’ ಎಂಬ ಸಾಲು ಬೀಳ್ಕೊಡುಗೆ ಸಮಾರಂಭಕ್ಕೆ ಹೊಂದೀತು, ಕಡತಕ್ಕಲ್ಲ. ಅದರ ಬದಲು ಹೀಗೆ ಬರೆದು ನೋಡಿ: ‘ರಾತ್ರಿ 10.40ಕ್ಕೆ ನಾನು ಕರೆ ಮಾಡಿದಾಗ ಅವರು ತಂದೆಯವರು ತೊಟ್ಟಿದ್ದ ಅಂಗಿಯ ಬಣ್ಣ, ಅವರು ಸಾಮಾನ್ಯವಾಗಿ ನಡೆಯುವ ದಾರಿ ಮತ್ತು ನುಂಗಬೇಕಿದ್ದ ಮಾತ್ರೆಯ ವೇಳೆಯನ್ನು ಕೇಳಿಕೊಂಡರು. ಸಿಕ್ಕ ಮೇಲೆ ಗದರಿಸದೆ, ಪಕ್ಕದಲ್ಲಿ ಕುಳಿತು ನೀರು ಕುಡಿಸಿದರು.’ ಏನು ಮಾಡಿದರು, ಅದರಿಂದ ಏನಾಯಿತು ಎಂಬ ಎರಡು ಸಂಗತಿಗಳು ಹೀಗೆ ಕಣ್ಣಿಗೆ ಕಟ್ಟಿದರೆ ಹೊಗಳಿಕೆಯ ಅಗತ್ಯವೇ ಬೀಳುವುದಿಲ್ಲ. ಪತ್ರ ಒಂದು ಪುಟ ಮೀರದಿರಲಿ. ಕರೆ ಸ್ವೀಕರಿಸಿದ ಕಂಟ್ರೋಲ್ ರೂಂ ಸಿಬ್ಬಂದಿಯನ್ನೂ ಒಂದು ಸಾಲಿನಲ್ಲಿ ನೆನೆಯಬಹುದು. ಕಣ್ಣಿಗೆ ಕಾಣದ ಅವರನ್ನು ನೆನೆಯುವವರು ವಿರಳ. ಬೇರೊಬ್ಬ ಸಿಬ್ಬಂದಿಯ ಮೇಲಿನ ಅಸಮಾಧಾನವನ್ನು ಮಾತ್ರ ಇದರೊಳಗೆ ತುರುಕಬಾರದು, ಅದಕ್ಕೆ ಪ್ರತ್ಯೇಕ ಪತ್ರವೇ ಸರಿ.

ಒಂದು ಎಚ್ಚರಿಕೆ ಬಹಳ ಮುಖ್ಯ. ಪ್ರಕರಣವಿನ್ನೂ ತನಿಖೆಯಲ್ಲಿ ಅಥವಾ ನ್ಯಾಯಾಲಯದಲ್ಲಿದ್ದು, ನೀವು ಅದರಲ್ಲಿ ದೂರುದಾರರೋ ಸಾಕ್ಷಿಯೋ ಆಗಿದ್ದರೆ, ತೀರ್ಪು ಬರುವವರೆಗೆ ತಡೆಯುವುದು ಮೇಲು. ತನಿಖಾಧಿಕಾರಿಯನ್ನು ಕೊಂಡಾಡಿ ಸಾಕ್ಷಿಯೇ ಬರೆದ ಪತ್ರವನ್ನು ಎದುರು ಪಕ್ಷದ ವಕೀಲರು ಪಾಟೀಸವಾಲಿನಲ್ಲಿ ಮುಂದೊಡ್ಡಿ, ಇಬ್ಬರೂ ಒಂದಾಗಿದ್ದಾರೆಂದು ವಾದಿಸಲು ಅವಕಾಶವಾದೀತು.

ಪತ್ರದ ಜೊತೆ ಉಡುಗೊರೆ ಬೇಡ. ಕಾನೂನು ಪಾಲಕರಿಗಾಗಿ ವಿಶ್ವಸಂಸ್ಥೆಯ ಮಹಾಸಭೆ 1979ರಲ್ಲಿ ಅಂಗೀಕರಿಸಿದ ನೀತಿ ಸಂಹಿತೆಯ 7ನೇ ವಿಧಿ ಭ್ರಷ್ಟಾಚಾರವನ್ನು ನಿಷೇಧಿಸುತ್ತದೆ, ಕರ್ತವ್ಯಕ್ಕೆ ಪ್ರತಿಯಾಗಿ ಉಡುಗೊರೆ ಕೇಳುವುದನ್ನೂ ಸ್ವೀಕರಿಸುವುದನ್ನೂ ಅದರ ವ್ಯಾಖ್ಯಾನವು ಈ ಸಂದರ್ಭದಲ್ಲಿ ಪ್ರಸ್ತಾಪಿಸುತ್ತದೆ. ಕೆಲಸ ಆದ ಮೇಲೆ ಪ್ರೀತಿಯಿಂದ ಕೊಟ್ಟ ಕೈಗಡಿಯಾರವೂ ಸಹ ಆ ಅಧಿಕಾರಿ ವಿವರಣೆ ನೀಡಬೇಕಾದ ಸ್ಥಿತಿ ತರಬಹುದು. ಹಾಗೆಯೇ, ಅವರ ಭಾವಚಿತ್ರವನ್ನು ಕೇಳದೆ ಸಾಮಾಜಿಕ ಜಾಲತಾಣದಲ್ಲಿ ಹಾಕಬಾರದು. ನಾಳೆ ಮಫ್ತಿಯಲ್ಲಿ ಕೆಲಸ ಮಾಡಬೇಕಾದವರಿಗೆ ಆ ಪ್ರಚಾರವೇ ತೊಡಕಾಗುತ್ತದೆ.

ಕೊನೆಯಲ್ಲಿ ನಿಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಬರೆದು ಸಹಿ ಹಾಕಿ. ಸಹಿಯಿಲ್ಲದ ಮೆಚ್ಚುಗೆಯನ್ನು ಯಾರಾದರೂ ತಮಗೆ ತಾವೇ ಬರೆಸಿಕೊಂಡಿರಬಹುದೆಂಬ ಗುಮಾನಿ ಬರುವುದು ಸಹಜ. ಪತ್ರವನ್ನು ಖುದ್ದಾಗಿ ಕೊಡುವುದಾದರೆ ಒಂದು ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ, ಇನ್ನೊಂದು ನಕಲನ್ನು ಸಂಬಂಧಪಟ್ಟ ಸಿಬ್ಬಂದಿಗೇ ತಲುಪಿಸಿ. ಅಷ್ಟರಲ್ಲಿ ಅವರಿಗೆ ವರ್ಗಾವಣೆಯಾಗಿದ್ದರೆ, ಹೊಸ ಠಾಣೆಗೆ ಕಳುಹಿಸಿಕೊಡುವಂತೆ ಪತ್ರದಲ್ಲೇ ಒಂದು ಸಾಲು ಸೇರಿಸಿ.