ಆಯುಧ ಹಿಡಿಯದ ಕೈಗೆ ಮೊದಲ ಪಾಠ

ಉಡುಪಿ ಸುತ್ತಮುತ್ತಲಿನ ಪ್ರೌಢಶಾಲೆಗಳ ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳಿಗೆ ರಜಾ ಶಿಬಿರಗಳಲ್ಲಿ ಚಾಕು, ಗರಗಸ, ಕತ್ತಿ, ಕೊಡಲಿಗಳ ಬಳಕೆಯನ್ನು ಕಲಿಸುತ್ತ ಬಂದ ನನಗೆ, ಪೇಟೆಯ ಮಕ್ಕಳಿಗಿಂತ ತೋಟದ ಮನೆಯ ಮಕ್ಕಳಿಗೆ ಕಲಿಸುವುದೇ ಹೆಚ್ಚು ಕಷ್ಟವೆನಿಸಿದೆ. ಪೇಟೆಯವರು ಅಂಜುತ್ತಾರೆ, ಹೇಳಿದಂತೆ ಮಾಡುತ್ತಾರೆ. ತೋಟದವರಾದರೋ ಅಂಗೈಯಲ್ಲೇ ಸೀಯಾಳ ಹಿಡಿದು ಕೆತ್ತುವ ಹಿರಿಯರನ್ನು ನೋಡುತ್ತ ಬೆಳೆದವರು. ಎಡಗೈಯನ್ನು ಅಲಗಿನ ದಾರಿಯಲ್ಲಿ ಇಡುವುದು ಅವರಿಗೆ ತಪ್ಪೆಂದೇ ತೋರುವುದಿಲ್ಲ. ನಾನು ಕಂಡ ಗಾಯಗಳಲ್ಲಿ ಹೆಚ್ಚಿನವು ಆಯುಧ ಹಿಡಿಯದ ಕೈಗೇ ಆದವು. ಆದ್ದರಿಂದ ನನ್ನ ಪಾಠ ಆ ಕೈಯಿಂದಲೇ ಶುರುವಾಗುತ್ತದೆ.

ಮೊದಲು ಕೊಡುವುದು ಗರಗಸ. ಅದು ನಿಧಾನವಾಗಿ ಕೊಯ್ಯುತ್ತದೆ, ತಪ್ಪನ್ನು ತಿದ್ದಲು ಸಮಯ ಕೊಡುತ್ತದೆ. ಮುರಕಲ್ಲಿನ ಗುಡ್ಡಗಳಲ್ಲಿ ಬಿದ್ದು ಒಣಗಿದ ಅಕೇಶಿಯಾ ಗೆಲ್ಲುಗಳು ಅಭ್ಯಾಸಕ್ಕೆ ಸಾಕಷ್ಟು ಸಿಗುತ್ತವೆ; ಸೊನೆಯಿಂದ ಚರ್ಮ ಸುಡುವ ಗೇರಿನ ಹಸಿ ಗೆಲ್ಲನ್ನು ನಾನು ಮುಟ್ಟಗೊಡುವುದಿಲ್ಲ. ಗೆಲ್ಲನ್ನು ದಿಮ್ಮಿಯ ಮೇಲಿಟ್ಟು, ಕೊಯ್ಯುವ ಭಾಗ ಹೊರಕ್ಕೆ ಚಾಚಿರುವಂತೆ ನೋಡಿಕೊಳ್ಳಬೇಕು. ಎರಡೂ ತುದಿಗೆ ಆಧಾರವಿದ್ದರೆ ನಡುವೆ ಕೊಯ್ದ ಸೀಳು ಮುಚ್ಚಿಕೊಂಡು ಹಲ್ಲುಗಳನ್ನು ಕಚ್ಚಿಹಿಡಿಯುತ್ತದೆ, ಮಗು ಬಲವಾಗಿ ಎಳೆಯುತ್ತದೆ, ಗರಗಸ ಹಾರಿ ಎಡಗೈಗೆ ತಾಗುತ್ತದೆ. ಆರಂಭದಲ್ಲಿ ಗರಗಸವನ್ನು ಹಗುರವಾಗಿ ತನ್ನತ್ತ ಎಳೆದು ತೊಗಟೆಯಲ್ಲಿ ಗೀರು ಮೂಡಿಸಬೇಕು. ಗೀರು ಆಳವಾಗುವವರೆಗೆ ಎಡಗೈ ಒಂದು ಗೇಣಿಗಿಂತ ಹತ್ತಿರ ಬರಕೂಡದು. ಕೈಗವಸು ಎಡಗೈಗೆ ಮಾತ್ರ. ನಮ್ಮ ಊರಿನ ಬೆವರಿನಲ್ಲಿ ಬಲಗೈಗೂ ಅದನ್ನು ತೊಡಿಸಿದರೆ ಹಿಡಿ ಜಾರುತ್ತದೆಂಬುದು ನನ್ನ ಅಭಿಪ್ರಾಯ.

ಚಾಕು ತೆಗೆಯುವ ಮುನ್ನ ಪ್ರತಿಯೊಬ್ಬರೂ ತೋಳು ಚಾಚಿ ಸುತ್ತ ತಿರುಗಿ, ಯಾರೂ ತಾಗುವಷ್ಟು ಹತ್ತಿರವಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಕೆತ್ತುವುದು ಮೈಯಿಂದ ಹೊರಕ್ಕೆ. ತೊಡೆಗಳ ನಡುವೆ ಕೋಲಿಟ್ಟು ಕೆತ್ತುವುದನ್ನು ನಾನು ಎಂದೂ ಒಪ್ಪಿಲ್ಲ, ಏಕೆಂದರೆ ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಚಾಕು ಕೈ ಬದಲಿಸುವಾಗ ಪಡೆಯುವವನು "ಹಿಡಿದೆ" ಎಂದ ಮೇಲೆಯೇ ಕೊಡುವವನು ಬಿಡಬೇಕು. ನಮ್ಮ ಕತ್ತಿಯ ತುದಿ ಬಾಗಿರುವುದರಿಂದ ಬೀಸುವಾಗ ಬಳ್ಳಿಗೆ ಸಿಕ್ಕಿ ತಿರುಗುವುದುಂಟು; ಆದ್ದರಿಂದ ಪೊದೆಯ ನಡುವೆ ಮಕ್ಕಳ ಕೈಗೆ ಕತ್ತಿ ಕೊಡುವುದಿಲ್ಲ.

ಕೊಡಲಿ ಕೊನೆಗೆ, ಅದೂ ಶೂ ಹಾಕಿದವರಿಗೆ ಮಾತ್ರ. ಮಳೆಗಾಲದಲ್ಲಿ ಉಬ್ಬಿದ ಕಾವು, ಅಂದರೆ ಮರದ ಹಿಡಿ, ಬೇಸಿಗೆಯಲ್ಲಿ ಕುಗ್ಗಿ ಕೊಡಲಿ ಸಡಿಲವಾಗುತ್ತದೆ. ನೀರಲ್ಲಿ ನೆನೆಸಿದರೆ ಅಂದಿಗೆ ಬಿಗಿಯಾದೀತು, ಒಣಗಿದೊಡನೆ ಮತ್ತೆ ಅಲುಗುತ್ತದೆ. ಹೊಸ ಬೆಣೆ ಹೊಡೆಯುವುದೇ ಸರಿ. ಸೀಳುವ ಕಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದು ನಿಲ್ಲಿಸುವ ಬದಲು ಕೊರಡಿನ ಮೇಲೆ ತಾನಾಗಿ ನಿಲ್ಲುವಂತೆ ಇಡಿಸುತ್ತೇನೆ. ನಿಲ್ಲದ ತುಂಡನ್ನು ಇನ್ನೊಂದು ಕೋಲಿನಿಂದ ಆನಿಸಬೇಕು. ಇಷ್ಟರ ಮೇಲೂ ಗಾಯವಾದರೆ ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿಹಿಡಿಯುತ್ತೇವೆ, ಅರಸಿನ ಅಥವಾ ಕಾಫಿಪುಡಿ ಹಾಕುವುದಿಲ್ಲ. ರಕ್ತ ನಿಲ್ಲದಿದ್ದರೆ 108ಕ್ಕೆ ಕರೆ ಮಾಡುವವರು ಯಾರೆಂಬುದನ್ನು ಕೆಲಸ ಆರಂಭಿಸುವ ಮೊದಲೇ ಗೊತ್ತುಮಾಡಿರುತ್ತೇವೆ.