ಎಳೆದರೆ ಕಳಚದ ಕನೆಕ್ಟರ್: ಕ್ರಿಂಪ್ ಮಾಡುವುದು ಹೀಗೆ

ನಮ್ಮ ಕಾಸರಗೋಡಿನ ಕಡೆ ಶಾಲೆಗಳ ವಿಜ್ಞಾನ ಮೇಳ ಎಂದರೆ ನಾನು ತಪ್ಪಿಸುವವನಲ್ಲ. ಒಮ್ಮೆ ಹೈಸ್ಕೂಲಿನ ಇಬ್ಬರು ಹುಡುಗರು ಅಡಿಕೆ ತೋಟಕ್ಕೆ ತಾನಾಗಿ ನೀರು ಬಿಡುವ ಮಾದರಿ ಮಾಡಿ ತಂದಿದ್ದರು. ಮಣ್ಣು ಒಣಗಿದರೆ ಪುಟ್ಟ ಪಂಪ್ ಓಡಬೇಕು. ಬೆಳಗ್ಗೆ ಓಡಿತ್ತಂತೆ. ತೀರ್ಪುಗಾರರು ಬಂದು ನಿಂತಾಗ ಇಲ್ಲ. ಒಬ್ಬ ಲ್ಯಾಪ್‌ಟಾಪ್ ತೆರೆದು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕತೊಡಗಿದ, ಇನ್ನೊಬ್ಬ ಸೆನ್ಸರ್ ಬದಲಿಸಿದ. ತೀರ್ಪುಗಾರರು ಆಚೆ ಹೋದ ಮೇಲೆ ನಾನು ಸೆನ್ಸರಿನ ಕಪ್ಪು ವಯರನ್ನು ಬೆರಳಲ್ಲಿ ಚೂರು ಅಲ್ಲಾಡಿಸಿದೆ. ಪಂಪ್ ಗುರ್ ಎಂದಿತು. ಬಿಟ್ಟೆ, ನಿಂತಿತು. ಮೆಲ್ಲ ಎಳೆದರೆ ವಯರ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೈಗೇ ಬಂತು.

ಆ ವಯರಿನ ತುದಿಗೆ ಹಾಕಿದ ಲೋಹದ ಟರ್ಮಿನಲನ್ನು ಕಟಿಂಗ್ ಪ್ಲೇಯರಿನಲ್ಲಿ ಅಮುಕಿ ಚಪ್ಪಟೆ ಮಾಡಿದ್ದರು, ಅಷ್ಟೇ. ಅವರನ್ನು ಬೈಯುವ ಹಾಗಿಲ್ಲ, ನಾನೂ ಎರಡು ವರ್ಷ ಹಾಗೇ ಮಾಡಿದ್ದೆ. ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಪ್ರೋಗ್ರಾಮ್ ಬರೆಯುವುದನ್ನು ಕಲಿಸುವವರು ಈಗ ಬೇಕಾದಷ್ಟು ಉಂಟು, ವಯರಿನ ತುದಿಗೆ ಕನೆಕ್ಟರ್ ಹಾಕುವುದನ್ನು ಯಾರೂ ಕೂತು ಕಲಿಸುವುದಿಲ್ಲ. ಟರ್ಮಿನಲಿನ ರೆಕ್ಕೆಗಳನ್ನು ವಯರಿನ ಮೇಲೆ ಮಡಚಿ ಒತ್ತಿ ಹಿಡಿಸುವುದಕ್ಕೇ ಕ್ರಿಂಪ್ ಎನ್ನುವುದು.

ಮೊದಲು ಸಾಮಾನು. ಅಂಗಡಿಯವರು ಎಲ್ಲ ಬಿಳಿ ಕನೆಕ್ಟರಿಗೂ ‘ಜೆಎಸ್‌ಟಿ’ ಅಂದುಬಿಡುತ್ತಾರೆ. ಜೆಎಸ್‌ಟಿ ಒಂದು ಜಪಾನ್ ಕಂಪನಿಯ ಹೆಸರು, ಅದರಲ್ಲಿ ಹತ್ತಾರು ಬಗೆ. ನಮಗೆ ಬೇಕಾಗುವುದು ಎರಡು: ಎಕ್ಸ್‌ಎಚ್‌ನಲ್ಲಿ ಪಿನ್‌ನಿಂದ ಪಿನ್‌ಗೆ 2.5 ಮಿ.ಮೀ., ಪಿಎಚ್‌ನಲ್ಲಿ 2 ಮಿ.ಮೀ. ಕಪ್ಪು ಬಣ್ಣದ ಡ್ಯುಪಾಂಟ್ ಕನೆಕ್ಟರ್ ಬೇರೆ, ಅದು 2.54. ಎರಡು ಮೂರು ಪಿನ್ ಇದ್ದರೆ 2.5ಕ್ಕೂ 2.54ಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಆದರೆ ಹತ್ತು ಪಿನ್ ಆಗುವಾಗ ಒಟ್ಟು 0.36 ಮಿ.ಮೀ. ಸರಿದಿರುತ್ತದೆ, ಒತ್ತಿದರೂ ಸರಿಯಾಗಿ ಕೂರುವುದಿಲ್ಲ. ಟರ್ಮಿನಲ್, ಅದು ಹೊಗುವ ಪ್ಲಾಸ್ಟಿಕ್ ಹೌಸಿಂಗ್, ಬೋರ್ಡಿನ ಪಿನ್ ಮೂರೂ ಒಂದೇ ಬಗೆಯದ್ದೇ ಎಂದು ನೋಡಿಯೇ ತೆಗೆದುಕೊಳ್ಳಿ.

ವಯರಿನಲ್ಲಿ ಜಾಸ್ತಿ ಮೋಸ. ಹಳೇ ಅಂಗಡಿಗಳಲ್ಲಿ 7/38, 14/38 ಎಂದು ಕೇಳಬೇಕು. 38 ನಂಬರಿನ ಎಳೆ 7 ಅಥವಾ 14 ಇದೆ ಎಂದು ಅರ್ಥ. 7/38 ಎಂದರೆ ಆನ್‌ಲೈನಿನಲ್ಲಿ ಬರೆಯುವ 26 ಎಡಬ್ಲ್ಯುಜಿಗೆ (ಅಮೆರಿಕದ ವಯರ್ ಗೇಜ್) ಹತ್ತಿರ, 14/38 ಎಂದರೆ 24ಕ್ಕಿಂತ ಚೂರು ದಪ್ಪ. ಎಕ್ಸ್‌ಎಚ್‌ಗೂ ಡ್ಯುಪಾಂಟ್‌ಗೂ ಇವೆರಡೂ ಆಗುತ್ತವೆ. ನಾನು ಎಕ್ಸ್‌ಎಚ್‌ಗೆ 14/38 ಬಿಟ್ಟು ಬೇರೆ ಮುಟ್ಟುವುದಿಲ್ಲ. ಒಂದೇ ತಂತಿಯ ಗಟ್ಟಿ ವಯರ್ ಬೇಡವೇ ಬೇಡ, ಅದು ಸೋಲ್ಡರ್ ಇಲ್ಲದೆ ವಯರ್ ಚುಚ್ಚುವ ಬ್ರೆಡ್‌ಬೋರ್ಡಿಗೆ ಇರಲಿ. ಮತ್ತೆ, ಅಲ್ಯೂಮಿನಿಯಮ್ ಮೇಲೆ ತಾಮ್ರ ಬಳಿದ ಅಗ್ಗದ ವಯರ್ ಬರುತ್ತದೆ. ಬ್ಲೇಡಿನಲ್ಲಿ ಎಳೆಯನ್ನು ಕೆರೆದು ನೋಡಿ: ಹೊರಗೆ ಕೆಂಪು, ಒಳಗೆ ಬಿಳಿ ಕಂಡರೆ ಹಿಂದೆ ಕೊಡಿ. ಹೊರಗೆ ಬಿಳಿ, ಒಳಗೆ ಕೆಂಪು ಇದ್ದರೆ ಹೆದರಬೇಡಿ, ಅದು ತವರ ಹಚ್ಚಿದ ತಾಮ್ರ, ಒಳ್ಳೆಯದೇ.

ಇನ್ನು ಇಕ್ಕಳ. ಕ್ರಿಂಪಿಂಗ್ ಟೂಲ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಎಸ್‌ಎನ್-28ಬಿ, ಎಸ್‌ಎನ್-2549 ಎಂಬ ನಂಬರಿನವು ಸಿಗುತ್ತವೆ. ಎರಡನೆಯದರಲ್ಲಿ ಡ್ಯುಪಾಂಟ್, ಎಕ್ಸ್‌ಎಚ್ ಎರಡೂ ಚೆನ್ನಾಗಿ ಬರುತ್ತವೆ, ಅದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಮನೆ ವಯರಿಂಗಿನವರ ಹತ್ತಿರ ಇರುವ ಕೆಂಪು–ನೀಲಿ–ಹಳದಿ ಚುಕ್ಕೆಯ ಲಗ್ ಇಕ್ಕಳ ಇದಕ್ಕೆ ಆಗುವುದಿಲ್ಲ. ಇಂಟರ್ನೆಟ್ ವಯರಿಗೆ ತುದಿ ಹಾಕುವುದಂತೂ ಬೇರೆಯೇ ಜಾತಿ. ಈ ಸಾಮಾನು ಕಾಸರಗೋಡು ಪೇಟೆಯಲ್ಲಿ ಸಿಕ್ಕದಿದ್ದರೆ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ, ಇಲ್ಲವೇ ತರಿಸಿಕೊಳ್ಳಿ. ‘600 ಪೀಸ್’ ಎಂದು ಡಬ್ಬಿಯಲ್ಲಿ ಬರುವ ಕನೆಕ್ಟರ್ ಸೆಟ್ ನಾನು ಒಮ್ಮೆ ತರಿಸಿದೆ. ಟರ್ಮಿನಲಿನ ತಗಡು ಎಷ್ಟು ಕೆಟ್ಟದಿತ್ತು ಎಂದರೆ ಮಡಚುವಾಗಲೇ ಬಿರುಕು ಬಿಡುತ್ತಿತ್ತು. ಡಬ್ಬಿ ಚೆನ್ನಾಗಿತ್ತು, ಈಗ ಅದರಲ್ಲಿ ಸ್ಕ್ರೂ ಹಾಕಿಟ್ಟಿದ್ದೇನೆ.

ವಯರಿನ ತುದಿಯ ಪ್ಲಾಸ್ಟಿಕ್ ಸಿಪ್ಪೆ ತೆಗೆಯುವುದು ಸುಲಭ: 2ರಿಂದ 2.5 ಮಿ.ಮೀ. ಸಾಕು, ಒಂದು ಎಳೆಯೂ ಕಡಿಯಬಾರದು, ಕಡಿದರೆ ಕತ್ತರಿಸಿ ಹೊಸದಾಗಿ ತೆಗೆಯಿರಿ. ಎಳೆಗಳನ್ನು ಅರ್ಧ ಸುತ್ತು ತಿರುಚಿ, ಅದಕ್ಕಿಂತ ಜಾಸ್ತಿ ಬೇಡ. ಸೋಲ್ಡರ್ ಹಾಕಬೇಡಿ. ಇದನ್ನು ಹೇಳಿದಾಗ ಎಲ್ಲರೂ ಜಗಳಕ್ಕೆ ಬರುತ್ತಾರೆ, “ಸೋಲ್ಡರ್ ಹಾಕಿದರೆ ಗಟ್ಟಿಯಲ್ವಾ ಮಾರಾಯ್ರೆ?” ಅಲ್ಲ. ಸೋಲ್ಡರ್ ಮೆತ್ತಗಿನ ಲೋಹ. ಒತ್ತಡದಲ್ಲಿಟ್ಟರೆ ದಿನ ಹೋದ ಹಾಗೆ ನಿಧಾನಕ್ಕೆ ಸರಿದು ಜಾಗ ಬಿಡುತ್ತದೆ, ಹಿಡಿತ ಸಡಿಲವಾಗುತ್ತದೆ. ಕ್ರಿಂಪ್ ಆದ ಮೇಲೆ ಸೋಲ್ಡರ್ ತುಂಬುವವರೂ ಇದ್ದಾರೆ. ಅದು ಎಳೆಗಳ ಸಂದಿನಲ್ಲಿ ಸಿಪ್ಪೆಯ ಒಳಗೆ ಏರಿ ವಯರನ್ನು ಕಡ್ಡಿ ಮಾಡುತ್ತದೆ, ಆ ಕಡ್ಡಿ ಮುಗಿಯುವಲ್ಲೇ ಮುಂದೆ ಮುರಿಯುವುದು.

ಈಗ ಎಲ್ಲರೂ ಕೆಡಿಸುವ ಜಾಗಕ್ಕೆ ಬಂದೆವು. ಟರ್ಮಿನಲನ್ನು ಬೆಳಕಿಗೆ ಹಿಡಿದು ನೋಡಿ, ನಾನಂತೂ ಜಗಲಿಗೆ ಬಂದೇ ಕೂರುತ್ತೇನೆ. ಮುಂದೆ ಪಿನ್ ಹೊಗುವ ಪೆಟ್ಟಿಗೆ. ಅದರ ಹಿಂದೆ ಒಂದು ಜೊತೆ ಗಿಡ್ಡ ರೆಕ್ಕೆ. ಅದರ ಹಿಂದೆ ಇನ್ನೊಂದು ಜೊತೆ ಉದ್ದ ರೆಕ್ಕೆ. ಗಿಡ್ಡ ರೆಕ್ಕೆ ಬರೀ ತಾಮ್ರವನ್ನು ಹಿಡಿಯಬೇಕು, ಕರೆಂಟು ಹೋಗುವುದು ಅಲ್ಲಿಂದ. ಉದ್ದ ರೆಕ್ಕೆ ಸಿಪ್ಪೆಯನ್ನು ಹಿಡಿಯಬೇಕು, ಎಳೆದಾಟ, ಅಲ್ಲಾಟ ತಡೆಯುವುದು ಅದು. ನಾನು ನೋಡಿದ ಕೆಟ್ಟ ಕ್ರಿಂಪ್‌ಗಳಲ್ಲಿ ಹೆಚ್ಚಿನವು ಇವೆರಡು ಅದಲುಬದಲಾದವು: ಗಿಡ್ಡ ರೆಕ್ಕೆಯಲ್ಲಿ ಸಿಪ್ಪೆ ಸಿಕ್ಕಿಹಾಕಿಕೊಂಡು ತಾಮ್ರ ಸರಿಯಾಗಿ ತಾಗುವುದೇ ಇಲ್ಲ, ಅಥವಾ ಸಿಪ್ಪೆ ಜಾಸ್ತಿ ಸುಲಿದು ಹೋಗಿ ಉದ್ದ ರೆಕ್ಕೆ ಬರೀ ತಾಮ್ರವನ್ನು ಹಿಡಿದುಕೊಂಡಿರುತ್ತದೆ.

ಟರ್ಮಿನಲ್‌ಗಳು ಸಾಲಾಗಿ ಅಂಟಿಕೊಂಡು ಬರುವ ತಗಡಿನ ಪಟ್ಟಿಯಿಂದ ಒಂದನ್ನು ಎರಡು ಸಲ ಹಿಂದೆ ಮುಂದೆ ಬಾಗಿಸಿ ಮುರಿಯಿರಿ. ಹಿಂದೆ ಬಾಲ ಉಳಿದರೆ ಕತ್ತರಿಸಿ, ಇಲ್ಲದಿದ್ದರೆ ಹೌಸಿಂಗಿಗೆ ಪೂರ್ತಿ ಹೋಗುವುದಿಲ್ಲ. ಡ್ಯುಪಾಂಟ್‌ನ ಉದ್ದ ರೆಕ್ಕೆ ಅಗಲಕ್ಕೆ ಚಾಚಿಕೊಂಡಿರುತ್ತದೆ, ಹಾಗೇ ಇಟ್ಟರೆ ಇಕ್ಕಳದ ಬಾಯಿಯ ಅಂಚಿಗೆ ಸಿಕ್ಕಿ ಹೊರಗೆ ಮಡಚಿಕೊಳ್ಳುತ್ತದೆ. ಮೂತಿ ಪ್ಲೇಯರಿನಲ್ಲಿ ಮೊದಲೇ ಆ ರೆಕ್ಕೆಗಳನ್ನು ನೇರ ಎದ್ದು ನಿಲ್ಲುವಷ್ಟು ಒತ್ತಿ. ಈ ಒಂದು ಸಣ್ಣ ಕೆಲಸ ನನಗೆ ಗೊತ್ತಾಗುವ ಮೊದಲು ನಾನು ಹಾಳು ಮಾಡಿದ ಟರ್ಮಿನಲಿಗೆ ಲೆಕ್ಕ ಇಲ್ಲ.

ಇಕ್ಕಳದ ಬಾಯಿಯನ್ನು ಎರಡೂ ಬದಿಯಿಂದ ನೋಡಿ. ಒಂದು ಬದಿಯಲ್ಲಿ ತೂತು ದೊಡ್ಡದು, ಇನ್ನೊಂದು ಬದಿಯಲ್ಲಿ ಚಿಕ್ಕದು. ದೊಡ್ಡದು ಸಿಪ್ಪೆಯ ರೆಕ್ಕೆಗೆ, ಚಿಕ್ಕದು ತಾಮ್ರದ ರೆಕ್ಕೆಗೆ. ಚಿಕ್ಕ ಬದಿಯಲ್ಲಿ ಒಂದು ದವಡೆ ಬಟ್ಟಲಿನ ಹಾಗೆ ಗುಂಡಗಿದೆ, ಇನ್ನೊಂದರಲ್ಲಿ ನಡುವೆ ಒಂದು ಚೂಪು ಏಣು, ಅದರ ಆಚೀಚೆ ಎರಡು ಕಮಾನು. ಟರ್ಮಿನಲಿನ ಹೊಟ್ಟೆ ಬಟ್ಟಲಿಗೆ, ರೆಕ್ಕೆಗಳು ಕಮಾನಿಗೆ. ಉಲ್ಟಾ ಇಟ್ಟರೆ ಬರೀ ಜಜ್ಜಿಹೋಗುತ್ತದೆ. ಸರಿಯಾಗಿ ಇಟ್ಟರೆ ರೆಕ್ಕೆಗಳು ಕಮಾನಿನಲ್ಲಿ ಸುರುಳಿ ತಿರುಗಿ ತಾಮ್ರದ ನಡುವಿಗೆ ಇಳಿದು, ಎಳೆಗಳನ್ನು ಎರಡು ಪಾಲು ಮಾಡಿ ಒತ್ತಿ ಹಿಡಿಯುತ್ತವೆ. ಲೋಹಕ್ಕೆ ಲೋಹ ಎಷ್ಟು ಒತ್ತಿಕೊಳ್ಳುತ್ತದೆ ಎಂದರೆ ನಡುವೆ ಗಾಳಿಗೂ ಜಾಗ ಇರುವುದಿಲ್ಲ. ಸಮುದ್ರದ ಉಪ್ಪು ಗಾಳಿ, ಮಳೆಗಾಲದ ತೇವ ಎರಡೂ ಇರುವ ನಮ್ಮೂರಿನಲ್ಲಿ ಇದೇ ಮುಖ್ಯ. ಸಂದು ಉಳಿದರೆ ಒಂದು ಮಳೆಗಾಲ ಕಳೆಯುವಾಗ ಒಳಗೆ ಹಸಿರು ಕಿಲುಬು ಕೂತಿರುತ್ತದೆ.

ಪಿನ್ ಹೊಗುವ ಪೆಟ್ಟಿಗೆ ಬಾಯಿಯ ಹೊರಗೇ ಇರಬೇಕು, ಚಿಕ್ಕ ತೂತಿನ ಬದಿಯಲ್ಲಿ. ಅದು ಚೂರು ಒಳಗೆ ಹೋದರೂ ನಜ್ಜುಗುಜ್ಜು. ಈಗ ಹಿಡಿಯನ್ನು ಮೆಲ್ಲ ಒತ್ತಿ. ಕಟ್, ಕಟ್, ಎರಡು ಸದ್ದು ಬರುವಷ್ಟು. ಟರ್ಮಿನಲ್ ಬಾಯಲ್ಲಿ ಕಚ್ಚಿಕೊಂಡು ನಿಲ್ಲಬೇಕು, ಆದರೆ ರೆಕ್ಕೆ ಮಡಚಬಾರದು. ಇಲ್ಲಿ ಕೈಬಿಟ್ಟು ಉಸಿರು ತೆಗೆದುಕೊಳ್ಳಿ. ಅಡಕತ್ತರಿಯಲ್ಲಿ ಹೋಳು ಮಾಡುವ ಹಾಗೆ ಒಂದೇ ಏಟಿಗೆ ಒತ್ತುವವರದ್ದೇ ಎಲ್ಲ ಕೆಡುವುದು. ಹಿಂದಿನಿಂದ ವಯರನ್ನು ನೇರವಾಗಿ ತೂರಿಸಿ, ಸಿಪ್ಪೆಯ ಅಂಚು ಎರಡು ಜೊತೆ ರೆಕ್ಕೆಗಳ ನಡುವಿನ ಖಾಲಿ ಜಾಗಕ್ಕೆ ಬಂದು ನಿಲ್ಲಲಿ. ಒಂದು ಎಳೆ ಹೊರಗೆ ಉಳಿದರೂ ತೆಗೆದು ಮತ್ತೆ ಹಾಕಿ. ಎಡಗೈಯಲ್ಲಿ ವಯರನ್ನು ಅಲ್ಲಾಡದಂತೆ ಹಿಡಿದು, ಬಲಗೈಯಲ್ಲಿ ಇಕ್ಕಳ ತಾನಾಗಿ ಬಿಡುವವರೆಗೂ ಒತ್ತಿ. ನಡುವೆ ಸಿಕ್ಕಿಬಿದ್ದರೆ ಎರಡು ಹಿಡಿಗಳ ಮಧ್ಯೆ ಸಣ್ಣ ಬಿಡುಗಡೆ ಕೊಂಡಿ ಇದೆ, ಅದನ್ನು ತಳ್ಳಿ. ಎಳೆದಾಡಬೇಡಿ.

ನನ್ನ ಚಿಕ್ಕಮ್ಮ ಬಹಳ ವರ್ಷ ಬೀಡಿ ಕಟ್ಟಿದವರು. ಒಂದು ದಿನ ಜಗಲಿಯಲ್ಲಿ ನನ್ನ ಪಾಡು ನೋಡಿ, “ಎಂತ ಮಗಾ, ಅಷ್ಟು ಅವಸರ? ಹೊಗೆಸೊಪ್ಪು ಎಲೆಯ ಒಳಗೆ ಕೂತ ಮೇಲಲ್ವಾ ಸುರುಟುವುದು?” ಎಂದು ಇಕ್ಕಳ ಕಿತ್ತುಕೊಂಡರು. ಕನ್ನಡಕ ಏರಿಸಿ, ವಯರನ್ನು ಎರಡು ಬೆರಳ ನಡುವೆ ಹೊರಳಿಸಿ ಹೊರಳಿಸಿ ಒಳಗೆ ಇಳಿಸಿದರು. ಮೂರನೆಯದರಿಂದಲೇ ಅವರದ್ದು ನನ್ನದಕ್ಕಿಂತ ಚೆಂದ ಬಂತು. ಈಗ ಮನೆಗೆ ಬಂದಾಗ ಹತ್ತಿಪ್ಪತ್ತು ಮಾಡಿಕೊಟ್ಟೇ ಹೋಗುತ್ತಾರೆ.

ಆದದ್ದನ್ನು ಪರೀಕ್ಷೆ ಮಾಡಿ. ಮೊಬೈಲಿನ ಕ್ಯಾಮೆರಾ ಝೂಮ್ ಮಾಡಿದರೆ ಸಾಕು, ಭೂತಗನ್ನಡಿ ಬೇಕಿಲ್ಲ. ಗಿಡ್ಡ ರೆಕ್ಕೆಯ ಮುಂದೆ ತಾಮ್ರದ ತುದಿ ಬ್ರಷ್ಷಿನ ಹಾಗೆ ಚೂರೇ ಇಣುಕಬೇಕು, ಪೆಟ್ಟಿಗೆಯ ಒಳಗೆ ಹೋಗಿರಬಾರದು. ಎರಡು ಜೊತೆ ರೆಕ್ಕೆಗಳ ನಡುವೆ ಸಿಪ್ಪೆಯೂ ತಾಮ್ರವೂ ಎರಡೂ ಕಾಣಬೇಕು. ಟರ್ಮಿನಲ್ ಬಾಳೆಹಣ್ಣಿನ ಹಾಗೆ ಬಾಗಿದ್ದರೆ ಒತ್ತಡ ಜಾಸ್ತಿಯಾಯಿತು, ಇಕ್ಕಳದ ಪಕ್ಕದ ಹಲ್ಲಿನ ಚಕ್ರವನ್ನು ಒಂದು ಹಲ್ಲು ತಿರುಗಿಸಿ ಕಡಿಮೆ ಮಾಡಿ. ಆಮೇಲೆ ಎಳೆದು ನೋಡಿ. 26 ಗೇಜಿನ ವಯರಿನ ಒಳ್ಳೆಯ ಕ್ರಿಂಪ್ ಒಂದು ಲೀಟರ್ ನೀರಿನ ಬಾಟಲಿಯನ್ನು ನೇತು ಹಾಕಿದರೂ ಬಿಡುವುದಿಲ್ಲ. ಹೊಸ ಟರ್ಮಿನಲ್ ಪ್ಯಾಕೆಟ್ ತಂದಾಗ ಮೊದಲಿನ ಐದನ್ನು ನಾನು ಹೀಗೆ ಎಳೆದೇ ಹಾಳು ಮಾಡುತ್ತೇನೆ. ಅದರಲ್ಲಿ ಜಿಪುಣತನ ಬೇಡ.

ಹೌಸಿಂಗಿಗೆ ಹಾಕುವುದು ಎರಡು ಮಾತಿನ ಕೆಲಸ. ಎಕ್ಸ್‌ಎಚ್ ಟರ್ಮಿನಲಿನ ಬೆನ್ನಲ್ಲಿ ಒಂದು ಪುಟ್ಟ ನಾಲಿಗೆ ಎದ್ದಿರುತ್ತದೆ, ಅದನ್ನು ಹೌಸಿಂಗಿನ ಕಿಟಕಿಯ ಕಡೆಗೆ ಹಿಡಿದು ಟಕ್ ಎನ್ನುವವರೆಗೆ ತಳ್ಳಿ. ತಪ್ಪಾದರೆ ಕಿಟಕಿಯಿಂದ ಸೂಜಿಯಲ್ಲಿ ನಾಲಿಗೆ ಒತ್ತಿ ಎಳೆದರೆ ಹೊರಗೆ ಬರುತ್ತದೆ. ಡ್ಯುಪಾಂಟ್‌ನಲ್ಲಿ ನಾಲಿಗೆ ಇರುವುದು ಪ್ಲಾಸ್ಟಿಕ್ಕಿನಲ್ಲಿ, ಅದನ್ನು ಸೂಜಿಯಿಂದ ಮೇಲೆತ್ತಬೇಕು.

ಅಡ್ಡದಾರಿ ಉಂಟಾ ಎಂದು ಕೇಳುವವರಿಗೆ: ಉಂಟು. ಕಾರ್ಖಾನೆಯಲ್ಲೇ ಟರ್ಮಿನಲ್ ಹಾಕಿದ ತುಂಡು ವಯರ್ ಸಿಗುತ್ತದೆ. ಅದರ ಬೋಳು ತುದಿಯನ್ನು ನಿಮ್ಮ ವಯರಿಗೆ ಸೋಲ್ಡರ್ ಮಾಡಿ, ಬಿಸಿಗೆ ಕುಗ್ಗುವ ಹೀಟ್‌ಶ್ರಿಂಕ್ ಕೊಳವೆ ಏರಿಸಿ. ವರ್ಷಕ್ಕೆ ನಾಲ್ಕು ಕನೆಕ್ಟರ್ ಹಾಕುವವರು ಇಕ್ಕಳಕ್ಕೆ ದುಡ್ಡು ಸುರಿಯುವುದಕ್ಕಿಂತ ಇದು ಲೇಸು. ಬಣ್ಣಬಣ್ಣದ ಜಂಪರ್ ವಯರಿನ ಪಟ್ಟಿಯನ್ನು ಮಾತ್ರ ಮೇಜಿನ ಮೇಲಿನ ಪ್ರಯೋಗಕ್ಕೆ ಇಟ್ಟುಕೊಳ್ಳಿ, ತೋಟಕ್ಕೆ ಒಯ್ಯಬೇಡಿ.

ಬ್ಯಾಟರಿಗೆ ಪಿಎಚ್ ಕನೆಕ್ಟರ್ ಹಾಕುವವರು ಒಂದು ವಿಷಯ ನೋಡಿಕೊಳ್ಳಿ. ಕೆಂಪು ಯಾವ ಬದಿ, ಕಪ್ಪು ಯಾವ ಬದಿ ಎಂಬುದು ಮಾರುವವರಿಂದ ಮಾರುವವರಿಗೆ ಬೇರೆ. ಕನೆಕ್ಟರ್ ಸರಿಯಾಗಿ ಕೂತಿತು ಎಂದರೆ ಪ್ಲಸ್ ಮೈನಸ್ ಸರಿ ಇದೆ ಎಂದಲ್ಲ. ಬೋರ್ಡಿಗೆ ಚುಚ್ಚುವ ಮೊದಲು ಮಲ್ಟಿಮೀಟರ್ ಹಿಡಿಯಿರಿ, ಉಲ್ಟಾ ಇದ್ದರೆ ಸೂಜಿಯಿಂದ ಎರಡೂ ಟರ್ಮಿನಲ್ ತೆಗೆದು ಅದಲುಬದಲು ಮಾಡಿ.

ಇನ್ನು ತೋಟದಲ್ಲಿ ಇಡುವ ಡಬ್ಬಿಗೆ ವಯರನ್ನು ಮೇಲಿನಿಂದ ಒಳಗೆ ಬಿಡಬೇಡಿ. ಕೆಳಗಿನಿಂದ ತನ್ನಿ, ಹೊಗುವ ಮೊದಲು ಒಂದು ಬಳುಕು ಕೆಳಗೆ ಇಳಿಬಿಡಿ. ಮಳೆನೀರು ವಯರಿನ ಮೇಲೆ ಹರಿದು ಬಂದು ಆ ಬಳುಕಿನಿಂದ ನೆಲಕ್ಕೆ ತೊಟ್ಟಿಕ್ಕಲಿ, ಡಬ್ಬಿಯೊಳಗಿನ ಕನೆಕ್ಟರಿಗೆ ಬೇಡ.